ಎರಡೆರಡು ಬಾಣ ಕೆಡುತ್ತಿದ್ದ ವಾರ

ಆ ವಾರ ನಾನು ಸಂಶಯಪಡದೆ ಬಿಟ್ಟದ್ದು ನಮ್ಮ ಮನೆ ಮುಂದಿನ ಬೇವಿನ ಮರವೊಂದನ್ನೇ. ಶುಕ್ರವಾರದ ಹೊತ್ತಿಗೆ ಅದನ್ನೂ ಸ್ವಲ್ಪ ಓರೆಗಣ್ಣಿನಿಂದ ನೋಡತೊಡಗಿದ್ದೆ.

ಇದು ಹೋದ ಬೇಸಿಗೆಯ ಮಾತು. ನನಗಾಗ ಹದಿನಾರು. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದಿತ್ತು, ಫಲಿತಾಂಶ ಬಂದಿರಲಿಲ್ಲ. ಅಂದರೆ ಜೀವನದಲ್ಲಿ ನಾನು ಅತ್ಯಂತ ಬುದ್ಧಿವಂತಳಾಗಿದ್ದ ಕಾಲ ಅದು. ಅಲ್ಲವೆಂದು ತೋರಿಸಲು ಯಾರ ಕೈಯಲ್ಲೂ ಕಾಗದವಿರಲಿಲ್ಲ.

ನಮ್ಮ ಮನೆ ಸುರಪುರದಲ್ಲಿ, ಗುಡ್ಡದ ಬುಡದ ಓಣಿಯಲ್ಲಿ. ಅಪ್ಪ ಸುರಪುರ–ಶಹಾಪುರದ ನಡುವೆ ಟಂಟಂ ಓಡಿಸುತ್ತಾನೆ. ಎಂಟು ಜನ ಕೂರುವ ಗಾಡಿಯಲ್ಲಿ ಹದಿನೇಳು ಜನ, ಎರಡು ಆಡು ಮತ್ತು ಒಂದು ಮದುವೆಯ ಮಾತುಕತೆಯನ್ನು ಕೂರಿಸಬಲ್ಲ. ಅವ್ವ ಮನೆ ನಡೆಸುತ್ತಾಳೆ, ಮನೆಯಲ್ಲಿರುವವರನ್ನೂ ನಡೆಸುತ್ತಾಳೆ. ಮುತ್ಯಾ, ಅಂದರೆ ಅಪ್ಪನ ಅಪ್ಪ, ಅರವತ್ತು ವರ್ಷ ಕುರಿ ಕಾಯ್ದವನು. ಮೊಣಕಾಲು ಹಿಡಿದುಕೊಂಡ ಮೇಲೆ ಹಿಂಡು ಕಾಕಾನ ಕೈಗೆ ಹೋಯಿತು. ಕಾಕಾ ದೋರನಹಳ್ಳಿ ಕಡೆಯ ಹೊಲಗಳಲ್ಲಿ ಕುರಿ ತರುಬಿ ಮಂದೆ ಹಾಕಿಕೊಂಡಿರುತ್ತಾನೆ. ಮುತ್ಯಾ ನಮ್ಮ ಪಡಸಾಲೆಯಲ್ಲಿ ಕಂಬಳಿ ಹಾಸಿಕೊಂಡು ಕೂತು, ಕುರಿಗಳಿಲ್ಲದ ಕಾರಣ ಓಣಿಯಲ್ಲಿ ಹೋಗುವ ಮನುಷ್ಯರನ್ನೇ ಎಣಿಸುತ್ತಾನೆ. ಸಂಜೆ ಒಬ್ಬ ಕಮ್ಮಿ ಬಂದರೆ ಅವನಿಗೆ ಊಟ ಸೇರುವುದಿಲ್ಲ.

ಇನ್ನು ಅಕ್ಕ. ಅಕ್ಕನಿಗೆ ಹತ್ತೊಂಬತ್ತು. ಎಪ್ಪತ್ತು ಮೀಟರ್ ದೂರದ ಹಲಗೆಯ ನಟ್ಟನಡುವಿನ ಹಳದಿಗೆ ಬಾಣ ಹೊಡೆಯುತ್ತಾಳೆ. ಅಷ್ಟು ದೂರದಿಂದ ಆ ಹಳದಿ ಎಷ್ಟು ಕಾಣುತ್ತದೆ ಎಂದರೆ, ಅವ್ವ ನನ್ನ ರೊಟ್ಟಿಯ ಮೇಲೆ ಹಾಕುವ ಬೆಣ್ಣೆಯಷ್ಟು. ಅಂದರೆ ಇದೆ ಎಂದು ನಂಬಬೇಕು. ನಾನೂ ಬಿಲ್ಲು ಹಿಡಿದವಳೇ. ಒಮ್ಮೆ ನನ್ನ ಬಾಣ ಶಹಾಪುರದ ಮೈದಾನ ದಾಟಿ, ಪಕ್ಕದ ಭತ್ತದ ಗದ್ದೆಗೆ ಹಾರಿ, ಅಲ್ಲಿದ್ದ ಬೆದರುಗೊಂಬೆಯ ಎದೆಗೆ ಕರಾರುವಾಕ್ಕಾಗಿ ನಾಟಿತ್ತು. ನಮ್ಮಿಬ್ಬರಿಗೂ ಕಲಿಸುವ ಸರ್ ಗೊಂಬೆಯನ್ನೂ ನನ್ನನ್ನೂ ಬಹಳ ಹೊತ್ತು ನೋಡಿ, "ಆ ಗೊಂಬಿನ ನಿನಗಿಂತ ಛಲೋ ನಿಂತೈತಿ ನೋಡವ್ವ" ಅಂದಿದ್ದರು.

ಆ ವರ್ಷ ಹೊರದೇಶಗಳಲ್ಲಿ ಒಂದಾದ ಮೇಲೊಂದು ಮೂರು ಅಂತರರಾಷ್ಟ್ರೀಯ ಪಂದ್ಯಗಳಿದ್ದವು. ಅಕ್ಕ ಮೊದಲನೆಯದಕ್ಕೆ ಹೋಗಿ ಬಂದಿದ್ದಳು. ಉಳಿದ ಎರಡಕ್ಕೆ ಮತ್ತೆ ಹೊಸದಾಗಿ ಆಯ್ಕೆ, ನಾಲ್ಕೇ ಹುಡುಗಿಯರಿಗೆ ಜಾಗ. ಆಯ್ಕೆಯ ಶಿಬಿರಕ್ಕೆ ಹೋಗುವ ರೈಲು ಮುಂದಿನ ಸೋಮವಾರ ಯಾದಗಿರಿಯಿಂದ. ಸರ್ ಲೆಕ್ಕ ಸರಳವಾಗಿ ಹೇಳಿದ್ದರು: "ಮೂರು ಮಂದಿ ಗಟ್ಟಿ ಅದಾರ. ಅವ್ರನ್ನ ಅಲ್ಲಾಡ್ಸಾಕ ಆಗಂಗಿಲ್ಲ. ನಾಕನೇ ಜಾಗ ಒಂದ ಉಳೀತು. ಅದು ನಿನಗರ, ಇಲ್ಲಾ ಆಕಿಗರ."

ಆಕಿ ಎಂದರೆ ಯಾದಗಿರಿಯ ಹುಡುಗಿ. ಬಜಾರಿನಲ್ಲಿ ಆಕೆಯ ಅಪ್ಪನ ಬಟ್ಟೆ ಅಂಗಡಿ. ಯಾದಗಿರಿಯಿಂದ ಆಕೆ, ಸುರಪುರದಿಂದ ನಾವು, ನಡುವೆ ಶಹಾಪುರದಲ್ಲಿ ಸರ್ ಅವರ ಮೈದಾನ. ದಿನವೂ ಬೆಳಿಗ್ಗೆ ಎಂಟಕ್ಕೆ ಅಭ್ಯಾಸ. ಆಕೆ ಬಂದರೆ ಬಿಲ್ಲಿಗೆ ಒಂದು ಛತ್ರಿ, ಆಕೆಗೆ ಒಂದು ಛತ್ರಿ. ಎಲ್ಲರನ್ನೂ ನೋಡಿ ನಗುತ್ತಾಳೆ. ಕಾರಣವಿಲ್ಲದೆ ನಗುವವರ ಬಗ್ಗೆ ನನಗೆ ಮೊದಲಿನಿಂದಲೂ ಒಂದು ಗುಮಾನಿ ಇದೆ.

ಅಕ್ಕ ಊರಿಗೆ ಬಂದದ್ದು ಸೋಮವಾರ. ಊಟಕ್ಕೆ ಕೂತಾಗ ಹೊರದೇಶದ ಕಥೆ ಹೇಳಿಸಿಕೊಂಡೆವು. ಅಲ್ಲಿನ ಸಾರು ನೀರಿನ ಹಾಗಿತ್ತು, ನೀರು ಔಷಧದ ಹಾಗಿತ್ತು ಎಂದಳು. ಕುರಿ ಅದಾವೇನು ಅಲ್ಲಿ ಎಂದು ಮುತ್ಯಾ ಕೇಳಿದ. ಮೈದಾನದಲ್ಲಿ ಕಾಣಲಿಲ್ಲ ಎಂದಳು. ಮುತ್ಯಾನಿಗೆ ಆ ದೇಶದ ಮೇಲಿನ ಆಸಕ್ತಿ ಅಲ್ಲಿಗೇ ಮುಗಿಯಿತು. ಆಮೇಲೆ ಅಕ್ಕ, ಒಂದೇ ಹಲಗೆಗೆ ಮೂವರು ಹುಡುಗಿಯರು ಬಾಣ ಹೊಡೆಯುವುದನ್ನೂ, ಬೇರೆ ದೇಶದ ಹುಡುಗಿಯೊಬ್ಬಳು ತನ್ನದೆಂದು ಅಕ್ಕನ ಬಾಣ ಕಿತ್ತುಕೊಂಡು ಹೊರಟದ್ದನ್ನೂ ಹೇಳಿದಳು.

"ಆಕಿ ಬಾಣದ ರೆಕ್ಕಿನೂ ಕೆಂಪು, ನನ್ನವೂ ಕೆಂಪು. ಒದರಿ ಇಸ್ಕೊಂಡೆ."

"ನಿನ್ನ ಬಾಣಕ್ಕ ಗುರುತು ಇಲ್ಲೇನು?" ಅಂದ ಮುತ್ಯಾ.

"ಹೆಸರು ಬರ್ದಿರ್ತೇವಿ ಮುತ್ಯಾ. ನಂಬರೂ ಇರ್ತೈತಿ, ಒಂದರಿಂದ ಹನ್ನೆರಡತನಕ."

"ಹೆಸರು ಯಾರ್ ಬೇಕಾದ್ರೂ ಬರೀತಾರ," ಅಂದು ಮುತ್ಯಾ ಮಜ್ಜಿಗೆ ಕುಡಿದ. ನಾವು ನಕ್ಕೆವು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ಮಂಗಳವಾರದ ಅಭ್ಯಾಸದಲ್ಲಿ ಅಕ್ಕ ಚೆನ್ನಾಗಿಯೇ ಹೊಡೆದಳು. ಬುಧವಾರ ಹತ್ತು ಬಾಣ ಹಳದಿಯ ಸುತ್ತ ಕೂತರೆ, ಎರಡು ಮಾತ್ರ ಬೀಗರ ಮನೆಯಲ್ಲಿ ಮುನಿಸಿಕೊಂಡವರ ಹಾಗೆ ದೂರ ಹೋಗಿ ಕೂತವು. ಒಂದು ಮತ್ತು ಎರಡನೇ ನಂಬರಿನವು. ಅಕ್ಕ ಅವನ್ನು ಉಗುರಿನ ಮೇಲಿಟ್ಟು ತಿರುಗಿಸಿ ನೋಡಿದಳು. ಸೊಟ್ಟಗಾಗಿರಲಿಲ್ಲ. ತುದಿ ಸರಿಯಿತ್ತು. ಪಕ್ಕಕ್ಕಿಟ್ಟಳು.

ಗುರುವಾರ ಮೂರು ಮತ್ತು ನಾಲ್ಕು ಹಾಗೇ ಮಾಡಿದವು.

ನನ್ನ ತಲೆ ಓಡತೊಡಗಿದ್ದು ಆಗ. ಒಂದು ಬಾಣ ಕೆಟ್ಟರೆ ನಸೀಬು. ದಿನಕ್ಕೆ ಎರಡು, ಅದೂ ನಂಬರಿನ ಸಾಲು ತಪ್ಪದೆ ಕೆಡುತ್ತವೆ ಎಂದರೆ ಅದರ ಹಿಂದೆ ಒಬ್ಬ ಮನುಷ್ಯ ಇದ್ದಾನೆ, ಅವನಿಗೆ ಎಣಿಸಲು ಬರುತ್ತದೆ. ಟಂಟಂನಲ್ಲಿ ಬರುವಾಗ ಹದಿನೇಳು ಜನರ ಮುಖವನ್ನೂ ಒಂದೊಂದಾಗಿ ಪರೀಕ್ಷಿಸಿದೆ. ಸಗರದ ಕಡೆಯ ಒಬ್ಬ ಮುದುಕಿ ಅಕ್ಕನ ಬಾಣದ ಪೆಟ್ಟಿಗೆಯ ಮೇಲೆ ಮೊಣಕೈ ಊರಿದ್ದಳು. ಆಕೆ ಇಳಿಯುವವರೆಗೂ ರೆಪ್ಪೆ ಮುಚ್ಚದೆ ನೋಡಿದೆ. ಇಳಿಯುವಾಗ ಆಕೆ, "ಈ ಹುಡುಗಿಗೆ ಕಣ್ಣಿಗೆ ಏನೋ ಆಗೈತಿ, ದವಾಖಾನಿಗೆ ತೋರಸ್ರಿ" ಎಂದು ಅಪ್ಪನಿಗೆ ಹೇಳಿ ಹೋದಳು.

ಶುಕ್ರವಾರ ಐದು ಮತ್ತು ಆರು ಕೆಟ್ಟವು.

ಈಗ ಸರಿಯಿದ್ದದ್ದು ಆರೇ ಬಾಣ. ಪಂದ್ಯದಲ್ಲಿ ಒಂದು ಸರದಿಗೆ ಬೇಕಾದದ್ದೂ ಆರೇ. ಒಂದು ಕಡಿಮೆಯಾದರೂ ಅಕ್ಕ ಆಯ್ಕೆಯಲ್ಲಿ ನಿಲ್ಲುವಂತಿಲ್ಲ. ಅಕ್ಕ ಗೆರೆಯ ಮೇಲೆ ನಿಂತೇ ಇದ್ದಳು, ಬಿಲ್ಲು ಕೆಳಗೆ ಇಳಿಸಿದ್ದಳು. ನಾನು ಹಲಗೆಯ ಕಡೆ ನೋಡಿದೆ. ಯಾದಗಿರಿಯ ಹುಡುಗಿ ನಗುನಗುತ್ತ ಅಕ್ಕನ ಬಾಣಗಳನ್ನು ಕಿತ್ತು ಕೊಡುತ್ತಿದ್ದಳು. ಒಬ್ಬರ ಬಾಣ ಇನ್ನೊಬ್ಬರು ಕಿತ್ತು ತರುವುದು ಮೈದಾನದಲ್ಲಿ ಸಾಮಾನ್ಯ. ಆದರೆ ಆಕೆ ಕೀಳುವಾಗ ಕೈ ಸ್ವಲ್ಪ ತಿರುವುತ್ತಾಳೆ! ನಾಲ್ಕನೇ ಜಾಗ ಬೇಕಾದವಳು ಆಕೆ, ದಿನವೂ ಬಾಣ ಮುಟ್ಟುವವಳು ಆಕೆ, ಮೊದಲು ಬರುವವಳು ಆಕೆ. ಅಷ್ಟು ಸಾಕಾಯಿತು. ಎಪ್ಪತ್ತು ಮೀಟರನ್ನು ನಾನು ಓಡಿದ ವೇಗ ನೋಡಿ ಸರ್ ನನ್ನನ್ನು ಬಿಲ್ಲು ಬಿಡಿಸಿ ಓಟಕ್ಕೆ ಹಾಕಬೇಕಿತ್ತು.

"ನಮ್ಮಕ್ಕನ ಬಾಣಕ್ಕ ಏನ್ ಮಾಡೀದಿ?" ಅಂದೆ, ಮೈದಾನದ ಹತ್ತು ಹನ್ನೆರಡು ಮಕ್ಕಳಿಗೂ ಕೇಳುವ ಹಾಗೆ.

ಆಕೆಯ ನಗು ನಿಂತಿತು. "ನಾ ಏನ್ ಮಾಡ್ಲಿ?"

"ದಿನಾ ಎರಡೆರಡು ಕೆಡಾಕತ್ತಾವ. ನೀ ಬಿಟ್ರ ಬ್ಯಾರೆ ಯಾರೂ ಮುಟ್ಟಂಗಿಲ್ಲ. ಖರೇ ಹೇಳು, ಕೀಳೂ ಮುಂದ ಹೆಂಗ ತಿರುವ್ತಿ?"

"ಬಾಣ ಕೀಳೂದ ಹಂಗ. ನಿನ್ನ ಬಾಣ ಯಾವತ್ತರ ಹಲಗಿಗಿ ಬಡದಿದ್ರ ನಿನಗೂ ಗೊತ್ತಿರ್ತಿತ್ತು."

ಮಕ್ಕಳು ನಕ್ಕರು. ನಗು ನನ್ನ ಕಡೆ ತಿರುಗಿದ್ದನ್ನು ಸಹಿಸಲಾಗದೆ ನಾನು ಇನ್ನೊಂದು ಮಾತು ಅಂದೆ. "ಜಾಗ ಕದಿಯಾಕ ಬಂದಾಕಿ ನೀ. ಕಳ್ಳಿ" ಅಂದೆ. ಈಗ ಬರೆಯುವಾಗಲೂ ಆ ಕೊನೆಯ ಪದವನ್ನು ಸ್ವಲ್ಪ ಸಣ್ಣ ಅಕ್ಷರದಲ್ಲಿ ಬರೆಯುವ ಆಸೆ.

ಆಕೆ ಕೈಯಲ್ಲಿದ್ದ ಅಕ್ಕನ ಬಾಣಗಳನ್ನು ನೆಲದ ಮೇಲೆ ಒಂದರ ಪಕ್ಕ ಒಂದು ಸಾಲಾಗಿಟ್ಟು, ಎರಡೂ ಛತ್ರಿ ಮಡಚಿಕೊಂಡು ಹೊರಟುಹೋದಳು. ಅಕ್ಕ ಬಂದು ನನ್ನ ಜಡೆ ಹಿಡಿದು ಜಗ್ಗಿದಳು. "ಪುರಾವೆ ಐತೇನ ನಿನ್ನಂತ್ಯಾಕ? ಆಕಿ ಜೋಡಿ ಸೋಮವಾರ ನಾ ಹೆಂಗ ರೈಲಿನ್ಯಾಗ ಕೂಡ್ಲಿ?"

"ಪುರಾವೆ ನಾ ತರ್ತೇನಿ" ಅಂದೆ.

ಶನಿವಾರ ಬೆಳಗಿನ ಜಾವ ನಾನು ಮಾಳಿಗೆ ಹತ್ತಿದೆ. ಅಕ್ಕ ಐದಕ್ಕೆ ಎದ್ದು ಗುಡ್ಡದ ರಸ್ತೆಗೆ ಓಡಲು ಹೋಗುತ್ತಾಳೆ, ಆರೂವರೆಗೆ ಬರುತ್ತಾಳೆ. ಬಾಣದ ಪೆಟ್ಟಿಗೆ ಪಡಸಾಲೆಯ ಗೂಟಕ್ಕೆ ತೂಗುತ್ತಿರುತ್ತದೆ. ಯಾದಗಿರಿಯ ಹುಡುಗಿ ಕಳ್ಳನನ್ನು ಕಳಿಸುವುದಾದರೆ ಅವನು ಆ ಒಂದೂವರೆ ತಾಸಿನಲ್ಲೇ ಬರಬೇಕು. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಶೇಂಗಾ. ಓಣಿಯಲ್ಲಿ ಏನೇನು ನಡೆಯಿತೋ ಎಲ್ಲವನ್ನೂ ನೋಡಿದೆ: ಹಾಲಿನವನು ಬಂದ, ಎದುರು ಮನೆಯವಳು ನೀರಿಗೆ ಹೋದಳು, ಒಂದು ನಾಯಿ ಬಂದು ನಮ್ಮ ಬಾಗಿಲನ್ನು ಮೂಸಿ, ನನ್ನನ್ನು ನೋಡಿ, ನಾಚಿಕೊಂಡು ಹೋಯಿತು. ಒಬ್ಬ ನರಪಿಳ್ಳೆಯೂ ಮನೆಯೊಳಗೆ ಹೋಗಲಿಲ್ಲ. ಇಷ್ಟು ಬಿಗಿ ಕಾವಲನ್ನು ಗುಡ್ಡದ ಕೋಟೆಯೂ ಕಂಡಿರಲಿಕ್ಕಿಲ್ಲ ಎಂದುಕೊಂಡು ಇಳಿದು ಬಂದೆ.

ಅವತ್ತು ಏಳು ಮತ್ತು ಎಂಟು ಕೆಟ್ಟವು. ಉಳಿದದ್ದು ನಾಲ್ಕು.

ಯಾದಗಿರಿಯ ಹುಡುಗಿ ಅವತ್ತು ಮೈದಾನಕ್ಕೇ ಬಂದಿರಲಿಲ್ಲ.

ವಾಪಸು ಬರುವಾಗ ಟಂಟಂನಲ್ಲಿ ಅಕ್ಕ ಪೆಟ್ಟಿಗೆಯನ್ನು ಮಡಿಲಲ್ಲಿ ಅಪ್ಪಿಕೊಂಡು ಕೂತಿದ್ದಳು. ಅಳುತ್ತಿರಲಿಲ್ಲ, ಅಕ್ಕ ಅಳುವವಳಲ್ಲ. ಆದರೆ ಬಿಲ್ಲಿನ ದಾರ ಎಳೆಯುವ ಮೂರು ಬೆರಳನ್ನು ಇನ್ನೊಂದು ಕೈಯಿಂದ ಹಿಸುಕಿಕೊಳ್ಳುತ್ತಿದ್ದಳು. "ಬಹುಶಃ ಬಾಣ ಅಲ್ಲ, ನಂದ ಕೈ ಕೆಟ್ಟೈತಿ" ಅಂದಳು. ಆ ಮಾತು ಕೇಳಿ ನನಗೆ ಮೊದಲ ಬಾರಿ ಭಯವಾಯಿತು. ಬಾಣ ಕೆಟ್ಟರೆ ರಿಪೇರಿ ಉಂಟು. ಕೈ ಕೆಟ್ಟಿತೆಂದು ಅಕ್ಕ ನಂಬಿಬಿಟ್ಟರೆ ಸೋಮವಾರದ ರೈಲು ಹತ್ತುವುದೇ ವ್ಯರ್ಥ.

ಹೊರಗಿನಿಂದ ಯಾರೂ ಬಂದಿಲ್ಲ. ಹಾಗಾದರೆ ಕಳ್ಳ ಒಳಗೇ ಇದ್ದಾನೆ. ಮನೆಯವರನ್ನು ಒಬ್ಬೊಬ್ಬರಾಗಿ ನೋಡಿದೆ. ಅಪ್ಪನಿಗೆ ಮಗಳು ದೂರ ಹೋಗುವುದು ಒಳಗೊಳಗೇ ಇಷ್ಟವಿಲ್ಲವೇ? ಅವ್ವ, "ಲಗ್ನ ಆದ ಮ್ಯಾಲ ಬಿಲ್ಲು ಹಿಡಿಸ್ತಾರೇನು" ಎಂದು ವರ್ಷಕ್ಕೊಮ್ಮೆ ಕೇಳುವುದುಂಟಲ್ಲ? ಇಷ್ಟೇ ಅಲ್ಲ, ನಾನು ನಿದ್ದೆಯಲ್ಲಿ ನಡೆಯುತ್ತೇನೆಯೇ ಎಂದೂ ಯೋಚಿಸಿ, ಕಾಲಿಗೆ ಒಂದು ದಾರ ಕಟ್ಟಿ ಮಲಗಿದೆ. ಬೆಳಿಗ್ಗೆ ದಾರ ಹಾಗೇ ಇತ್ತು. ನಾನು ನಿರಪರಾಧಿ.

ಭಾನುವಾರ ಅಕ್ಕ ಓಡಲು ಹೊರಟ ಕೂಡಲೇ ತೊಗರಿ ಚೀಲಗಳ ಸಂದಿಯಲ್ಲಿ ಕೂತೆ. ಧೂಳು ಮೂಗಿಗೆ ಹತ್ತಿ ಹದಿನಾಲ್ಕು ಸೀನು ಬಂದವು, ಹದಿನಾಲ್ಕನ್ನೂ ನುಂಗಿದೆ. ಸ್ವಲ್ಪ ಹೊತ್ತಿಗೆ ಮುತ್ಯಾ ಕಂಬಳಿಯಿಂದ ಎದ್ದ. ಮೊಣಕಾಲು ಹಿಡಿದು, ಗೋಡೆ ಹಿಡಿದು, ಗೂಟದ ಹತ್ತಿರ ಹೋದ. ಪೆಟ್ಟಿಗೆ ಇಳಿಸಿದ. ನನಗೆ ಇಂದಿಗೂ ತೆಗೆಯಲು ಬಾರದ ಅದರ ಚಿಲಕವನ್ನು ಒಂದೇ ಬೆರಳಲ್ಲಿ ತೆಗೆದ. ಎರಡು ಬಾಣ ಆರಿಸಿಕೊಂಡು ಬಾಗಿಲ ಬೆಳಕಿಗೆ ಕೂತ. ಸೊಂಟದಿಂದ ಒಂದು ಸಣ್ಣ ಡಬ್ಬಿ ತೆಗೆದ. ಜಾಲಿ ಮುಳ್ಳಿನ ತುದಿಯನ್ನು ಅದರಲ್ಲಿ ಅದ್ದಿ, ಬಾಣದ ಬಾಲವನ್ನು ಕಣ್ಣಿನ ಹತ್ತಿರ ತಂದುಕೊಂಡ.

"ಮುತ್ಯಾ!"

ಮುತ್ಯಾ ಬೆಚ್ಚಲಿಲ್ಲ. "ಒದರಬ್ಯಾಡ. ಅಂಟು ಇನ್ನಾ ಹಸೀ ಐತಿ."

"ಏನ್ ಮಾಡಾಕತ್ತೀದಿ ನೀ?"

"ಕುರಿ ಕಾಯ್ದವ್ರ ಮನ್ಯಾಗ ಹುಟ್ಟಿ ಇದನ್ನ ಕೇಳ್ತೀಯೇನ? ಗುರುತು ಹಾಕಾಕತ್ತೇನಿ."

ಬಾಣದ ಬಾಲಕ್ಕೆ ಮೂರು ರೆಕ್ಕೆ ಇರುತ್ತವೆ. ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಪ್ಲಾಸ್ಟಿಕ್, ಉದ್ದಕ್ಕೂ ಸುರುಳಿ ಮಾಡಿದ್ದು. ಆ ಸುರುಳಿಯ ಒಳಗೆ, ಹೊರಗಿನಿಂದ ಕಾಣದ ಹಾಗೆ, ಮುತ್ಯಾ ಕೆಮ್ಮಣ್ಣು ಮತ್ತು ಜಾಲಿ ಗಿಡದ ಅಂಟು ಕಲಸಿದ ಒಂದು ಬೊಟ್ಟು ಇಡುತ್ತಿದ್ದ. ರೆಕ್ಕೆಯೂ ಕೆಂಪು, ಬೊಟ್ಟೂ ಕೆಂಪು. ನಮ್ಮ ಬೇಸಿಗೆಗೆ ಅದು ಅರ್ಧ ತಾಸಿನಲ್ಲಿ ಕಲ್ಲಾಗುತ್ತದೆ. ಗಾಳಿಯಲ್ಲಿ ತಿರುಗಬೇಕಾದ ರೆಕ್ಕೆ ತಿರುಗದೆ, ಬಾಣ ತನಗೆ ತೋಚಿದ ಕಡೆ ಹೋಗುತ್ತದೆ.

ಕುರಿಗೆ ಎರಡು ಗುರುತು ಇರುತ್ತವೆ ಎಂದು ಅವತ್ತು ತಿಳಿಯಿತು. ಒಂದು ಬೆನ್ನಿನ ಮೇಲಿನ ಬಣ್ಣ. ಹಿಂಡಿಗೆ ಹಿಂಡು ಕೂಡಿಕೊಂಡಾಗ ಅದನ್ನು ನೋಡಿ ಬೇರೆ ಮಾಡುತ್ತಾರೆ. ಇನ್ನೊಂದು ಕಿವಿಯ ಒಳಗೆ, ಮಡಿಕೆಯಲ್ಲಿ. "ಕಳ್ಳ ಬೆನ್ನಿನ ಬಣ್ಣ ತೊಳೀತಾನ. ಆವಾಗ ನಾಕು ಮಂದಿ ಮುಂದ ಕಿವಿ ಮಡಚಿ ತೋರಸಬೇಕು. ಅದು ಹಾಕಿದಂವಗ ಬಿಟ್ರ ಬ್ಯಾರೆ ಯಾರಿಗೂ ಗೊತ್ತಿರಬಾರ್ದು. ಹೆಂಡ್ತಿಗೂ ಹೇಳಬಾರ್ದು. ಹೇಳಿದ್ರ ಅದು ಗುರುತ ಅಲ್ಲ." ಅಕ್ಕ ಎಲ್ಲೋ ಸಮುದ್ರದ ಆಚೆ, ಗೊತ್ತಿಲ್ಲದ ಮಂದಿಯ ಹಿಂಡಿನಲ್ಲಿ ಬಾಣ ಬಿಟ್ಟು ನಿಲ್ಲುತ್ತಾಳೆ. ಹೆಸರು ಅಳಿಸಿ ಯಾರಾದರೂ ಹೊಡೆದುಕೊಂಡು ಹೋದರೆ? ಅದಕ್ಕೇ ಯಾರಿಗೂ ಹೇಳಿರಲಿಲ್ಲ.

"ದಿನಾ ಎರಡ ಯಾಕ?" ಅಂದೆ.

"ಎರಡು ಮುಗಿಸೂದ್ರಾಗ ಕಣ್ಣಾಗ ನೀರು ಬರ್ತಾವ."

ನಾಲ್ಕು ದಿನದ ನನ್ನ ಲೆಕ್ಕಾಚಾರದ ಮೇಲೆ ಆ ನೀರು ಬಿತ್ತು.

ಅಷ್ಟರಲ್ಲಿ ಅಕ್ಕ ಬಂದಳು. ಬೆವರು ಒರೆಸುತ್ತ ಎಲ್ಲ ಕೇಳಿದಳು. ಒಂಬತ್ತನೇ ಬಾಣ ಮುತ್ಯಾನ ಕೈಯಲ್ಲಿ ಒಣಗುತ್ತಿತ್ತು. ಅಕ್ಕನ ಮುಖ ಬಿಳುಪೇರಿದ್ದು ಕಂಡು ಮುತ್ಯಾನಿಗೆ ಏನೋ ತಪ್ಪಾಗಿದೆ ಎಂದು ತಿಳಿಯಿತು. ಡಬ್ಬಿ ಮುಂದೆ ಚಾಚಿ, "ಒಂದು ತಾಸು ಕೊಡು. ಉಳಿದ ಮೂರಕ್ಕೂ ಹಾಕ್ತೇನಿ. ಎಲ್ಲಾ ಒಂದ ನಮೂನಿ ಆಗ್ತಾವ" ಅಂದ. ಅಕ್ಕ ಆ ಡಬ್ಬಿಯನ್ನು ನೋಡಿದಳು, ಮುತ್ಯಾನನ್ನು ನೋಡಿದಳು, ಆಮೇಲೆ ಹೊಸ್ತಿಲ ಮೇಲೆ ಕೂತು ನಗತೊಡಗಿದಳು. ನಗು ನಿಲ್ಲುವ ಹೊತ್ತಿಗೆ ಕಣ್ಣು ಒರೆಸಿಕೊಳ್ಳುತ್ತಿದ್ದಳು. "ನನ್ನ ಕೈ ಕೆಟ್ಟಿಲ್ಲ ಮುತ್ಯಾ," ಅಂದಳು. "ಕೈ ಕೆಟ್ಟಿಲ್ಲ."

ಆದರೆ ಬಾಣ ಕೆಟ್ಟಿದ್ದವು. ಅಂಟು ಕೀಳಲು ಹೋದರೆ ರೆಕ್ಕೆಯೇ ಹರಿದು ಬಂತು. ಅಕ್ಕನ ಹತ್ತಿರ ಇದ್ದ ಹೆಚ್ಚಿನ ರೆಕ್ಕೆಗಳೆಲ್ಲ ಹೊರದೇಶದಲ್ಲೇ ಖರ್ಚಾಗಿದ್ದವು. ಸರ್‌ಗೆ ಫೋನು ಮಾಡಿದೆವು. "ತರಿಸಿದ್ರ ನಾಕು ದಿನ," ಅಂದರು ಸರ್. "ಎಲ್ಲಾ ಬಾಣಕ್ಕೂ ಒಂದ ನಮೂನಿ ರೆಕ್ಕಿ ಬೇಕು, ಇಲ್ಲಾಂದ್ರ ನಿಲ್ಲಾಕ ಬಿಡಂಗಿಲ್ಲ. ಒಂದ ಪಾಕೀಟು ಯಾರ ಹಂತ್ಯಾಕ ಐತಿ ಅಂತ ನಿಮಗೂ ಗೊತ್ತೈತಿ." ಆಮೇಲೆ, "ಸಣ್ಣಾಕಿ ಅದಾಳೇನ್ರಿ ಅಲ್ಲಿ? ಆಕಿನ ಕಳಿಸ್ರಿ" ಅಂದರು.

ಅಕ್ಕನೂ ಅದನ್ನೇ ಅಂದಳು. "ಬೈದಾಕಿ ನೀ. ನೀನ ಹೋಗಿ ಇಸ್ಕೊಂಡ ಬಾ."

ಶಹಾಪುರದವರೆಗೆ ಅಪ್ಪನ ಟಂಟಂ, ಅಲ್ಲಿಂದ ಯಾದಗಿರಿಗೆ ಬಸ್ಸು. ದಾರಿಯುದ್ದಕ್ಕೂ ಒಂದು ಭಾಷಣ ತಯಾರಿಸಿದೆ. ಭೀಮಾ ನದಿಯ ಸೇತುವೆ ದಾಟುವ ಹೊತ್ತಿಗೆ ಅದರಲ್ಲಿ ಕ್ಷಮೆ ಎಂಬ ಪದ ನಾಲ್ಕು ಸಲ ಬರುತ್ತಿತ್ತು. ಸ್ಟ್ಯಾಂಡಿನಲ್ಲಿ ಇಳಿಯುವಾಗ ಒಂದಕ್ಕೆ ಇಳಿದಿತ್ತು.

ಅಂಗಡಿಯಲ್ಲಿ ಆಕೆ ಸೀರೆ ಮಡಚುತ್ತಿದ್ದಳು. ಆಕೆಯ ಅಪ್ಪನಿಗೆ ಶುಕ್ರವಾರದ ಸಂಗತಿ ಗೊತ್ತಿಲ್ಲವೆಂದು ಅವರ ಮುಖ ನೋಡಿದರೇ ತಿಳಿಯುತ್ತಿತ್ತು. "ಬಾರವ್ವ, ಸುರಪುರದಾಕಿ ಹೌದಿಲ್ಲೋ? ಕೂಡು. ಚಾ ತರಿಸ್ಲ್ಯಾ? ನಾಳಿಗಿ ನಾನ ಇಬ್ರನ್ನೂ ಕರ್ಕೊಂಡ ಹೊಂಟೇನಿ. ನಿಮ್ಮಕ್ಕಗ ಫಿಕರ್ ಮಾಡಬ್ಯಾಡ ಅನ್ನು."

ನನ್ನ ಭಾಷಣ ಗಂಟಲಿನಲ್ಲೇ ಸೀರೆಯ ಹಾಗೆ ಮಡಚಿಕೊಂಡಿತು. ಮುತ್ಯಾ, ಕುರಿ, ಕಿವಿ, ಅಂಟು ಎಂದು ಹೇಗೋ ಒಪ್ಪಿಸಿದೆ. ಆಕೆ ಒಮ್ಮೆಯೂ ನಗಲಿಲ್ಲ. ಒಳಗೆ ಹೋಗಿ, ನೀಲಿ ರೆಕ್ಕೆಗಳ ಒಡೆಯದ ಪಾಕೀಟು ತಂದು ಗಲ್ಲಾದ ಮೇಲಿಟ್ಟಳು. ಒಂದು ಷರತ್ತೂ ಇಲ್ಲದೆ. ನಾಲ್ಕನೇ ಜಾಗಕ್ಕೆ ನಿಂತವಳು ಎದುರಾಳಿಗೆ ಇಷ್ಟು ಸುಲಭವಾಗಿ ಕೊಡುತ್ತಾಳೆಯೇ? ನನಗೆ ತಡೆಯಲಾಗಲಿಲ್ಲ. ಪಾಕೀಟನ್ನು ಬೆಳಕಿಗೆ ಹಿಡಿದೆ. ತಿರುಗಿಸಿ ನೋಡಿದೆ. ಸ್ವಲ್ಪ ಮೂಸಿಯೂ ನೋಡಿದೆ.

"ನೆಕ್ಕಿ ನೋಡು," ಅಂದಳು ಆಕೆ. "ವಿಷ ಹಚ್ಚೇನಿ."

ಅದು ಆಕೆಯ ಅಪ್ಪನಿಗೆ ತಮಾಷೆಯಾಗಿ ಕೇಳಿಸಿತು. ಅವರು ಜೋರಾಗಿ ನಕ್ಕರು. ನಾನೂ ನಕ್ಕೆ. ಆಕೆ ಮುಂದಿನ ಸೀರೆ ತೆಗೆದುಕೊಂಡಳು.

ಸಂಜೆಯವರೆಗೆ ಸರ್ ಮತ್ತು ಅಕ್ಕ ನಮ್ಮ ಪಡಸಾಲೆಯಲ್ಲಿ ಕೂತು ಹನ್ನೆರಡೂ ಬಾಣಕ್ಕೆ ನೀಲಿ ರೆಕ್ಕೆ ಅಂಟಿಸಿದರು. ಮುತ್ಯಾ ಅಂದು ಓಣಿ ಎಣಿಸಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದ್ದ. ಕೊನೆಗೆ ಅಕ್ಕ ಖಾಲಿ ಪೆಟ್ಟಿಗೆಯನ್ನು ತೆಗೆದುಕೊಂಡು ಹೋಗಿ ಅವನ ಪಕ್ಕದಲ್ಲಿಟ್ಟಳು. "ಇದರೊಳಗ ಎಲ್ಲೆರ ಹಾಕು. ಎಲ್ಲಿ ಅಂತ ನನಗೂ ಹೇಳಬ್ಯಾಡ." ಮುತ್ಯಾ ಬಹಳ ಹೊತ್ತಿನ ಮೇಲೆ ಎದ್ದು ಕೂತ. ಸರ್ ಬೇರೆ ಕಡೆ ನೋಡಿದರು. ಎಲ್ಲಿ ಹಾಕಿದನೋ, ಆ ಪೆಟ್ಟಿಗೆಯನ್ನು ನಾನು ಎಷ್ಟು ಸಲ ತಡಕಾಡಿದರೂ ಸಿಕ್ಕಿಲ್ಲ.

ಸೋಮವಾರ ಬೆಳಿಗ್ಗೆ ಶಹಾಪುರದಲ್ಲಿ ಹನ್ನೆರಡು ಬಾಣವೂ ಹಳದಿಯ ಸುತ್ತ ಕೂತವು. ಮಧ್ಯಾಹ್ನ ಯಾದಗಿರಿಯಲ್ಲಿ ಇಬ್ಬರೂ ಹುಡುಗಿಯರು ರೈಲು ಹತ್ತಿದರು, ಆಕೆಯ ಅಪ್ಪನ ಜೊತೆ.

ಆಯ್ಕೆ ಮುಗಿದ ದಿನ ಮಧ್ಯಾಹ್ನ ಅಕ್ಕನ ಫೋನು ಬಂತು. ಅಪ್ಪ ಫೋನಿನ ಧ್ವನಿ ಎಷ್ಟು ಜೋರು ಮಾಡಿದನೆಂದರೆ ಬೀದಿಯ ಕೊನೆಯ ಮನೆಯವರಿಗೂ ಫಲಿತಾಂಶ ತಿಳಿಯಿತು. ಅಕ್ಕ ನಾಲ್ಕನೆಯವಳು. ಶಿಬಿರದಲ್ಲೇ ಉಳಿಯುತ್ತಾಳೆ, ಅಲ್ಲಿಂದಲೇ ಮುಂದಿನ ದೇಶಕ್ಕೆ ಹೋಗುತ್ತಾಳೆ. ಅವ್ವ ಸಕ್ಕರೆ ಡಬ್ಬಿ ತಂದಳು. ನಾನು ಮಾಳಿಗೆ ಹತ್ತಿ ಕೂಗಲು ಹೊರಟಿದ್ದೆ.

"ಐದನೇದಾಕಿ ಯಾರು?" ಅಂದೆ, ಸುಮ್ಮನೆ.

"ಆಕಿ," ಅಂದಳು ಅಕ್ಕ. "ಎರಡು ಅಂಕ ಕಮ್ಮಿ ಬಿದ್ವು. ನಾಳಿಗಿ ಮಧ್ಯಾಹ್ನ ಊರಿಗೆ ಬರ್ತಾಳ." ಮತ್ತೆ ಅಂದಳು, "ನನ್ನ ಕೈಲೆ ಏನೂ ಅನ್ನಾಕ ಆಗ್ಲಿಲ್ಲ. ನೀ ಹೋಗು."

ಮಾಳಿಗೆ ಹತ್ತಲಿಲ್ಲ.

ಯಾದಗಿರಿ ಸ್ಟೇಷನ್ನಿನಲ್ಲಿ ರೈಲು ಒಂದು ತಾಸು ತಡ. ಆ ಒಂದು ತಾಸಿನಲ್ಲಿ ನಾನು ಒಂದೂ ಭಾಷಣ ತಯಾರಿಸಲಿಲ್ಲ. ರೈಲು ಬಂದಾಗ ಆಕೆಯ ಅಪ್ಪ ಮೊದಲು ಇಳಿದರು, ನನ್ನನ್ನು ನೋಡಿ ತಲೆಯಾಡಿಸಿ, "ಆಟೋ ನೋಡ್ತೇನಿ" ಎಂದು ಬೇಗ ಬೇಗ ಮುಂದೆ ನಡೆದರು. ಆಕೆ ಬಿಲ್ಲಿನ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಇಳಿದಳು. ಕಣ್ಣು ಕೆಂಪಾಗಿದ್ದವು.

"ಏನ್ ತಪಾಸ ಮಾಡಾಕ ಬಂದಿ? ನಿಮ್ಮಕ್ಕನ ಸಾಮಾನು ಏನಾರ ಕದ್ದು ತಂದೇನಂತೇನು?"

"ಯಾಕ ಕೊಟ್ಟಿ?" ಅಂದೆ. ಅಷ್ಟೇ ಬಾಯಿಗೆ ಬಂತು. "ಪಾಕೀಟು. ಕೊಡ್ಲಿಲ್ಲಂದ್ರ ಜಾಗ ನಿಂದ ಇತ್ತು."

ಆಕೆ ಪೆಟ್ಟಿಗೆಯನ್ನು ಕಾಲ ಬಳಿ ಇಳಿಸಿದಳು. ನಮ್ಮ ಪಕ್ಕದಲ್ಲಿ ಒಬ್ಬ ಕಡ್ಲಿ ಮಾರುವವನು ಕೂಗುತ್ತ ಹೋದ.

"ಒಂಬತ್ತು ಬಾಣ ಕೆಟ್ಟಾಕಿನ ಸೋಲಿಸಿದ್ರ, ಜಿಂದಗಿ ತುಂಬ ನೀ ನನ್ನ ಕಳ್ಳಿ ಅಂತಿದ್ದಿ. ಶಹಾಪುರದ ಮಕ್ಳೆಲ್ಲಾ ಅಂತಿದ್ರು. ನೀ ಎಲ್ಲಾರ ಮುಂದ ಅಂದ ಮ್ಯಾಲ ನನಗ ಬ್ಯಾರೆ ಏನ್ ಉಳದಿತ್ತು?"

ನಾನು ನೆಲ ನೋಡಿದೆ. ಅಕ್ಕನಿಗೆ ಆ ಜಾಗ ಸಿಕ್ಕದ್ದು ಅಕ್ಕನ ಕೈಯಿಂದ. ಅದರಲ್ಲಿ ಅನುಮಾನವಿಲ್ಲ. ಆದರೆ ಈಕೆಯನ್ನು ಆ ಪಾಕೀಟು ಕೊಡುವ ಹಾಗೆ ಮಾಡಿದ್ದು ನನ್ನ ಬಾಯಿ. "ತಪ್ಪಾತು" ಅಂದೆ. ಆ ಪದ ಇಷ್ಟು ಚಿಕ್ಕದಿದೆ ಎಂದು ಗೊತ್ತಿರಲಿಲ್ಲ. ಹೇಳಿ ಮುಗಿದ ಮೇಲೂ ಬಾಯಿ ತೆರೆದೇ ಇತ್ತು.

ಆಕೆ ಪೆಟ್ಟಿಗೆ ಎತ್ತಿಕೊಂಡು ಹೊರಡಲು ತಿರುಗಿದಳು.

"ಪೆಟ್ಟಿಗಿ ಕೊಡು, ನಾ ಹಿಡೀತೇನಿ."

ಆಕೆ ಪೆಟ್ಟಿಗೆಯ ಹಿಡಿಕೆ ನೋಡಿದಳು, ನನ್ನ ಕೈ ನೋಡಿದಳು. ಕೊಡುವುದೋ ಬೇಡವೋ ಎಂದು ಯೋಚಿಸುವುದು ಮುಖದಲ್ಲಿ ಕಾಣುತ್ತಿತ್ತು. ಕೊನೆಗೆ ಕೊಟ್ಟಳು. ಆದರೆ ನನ್ನ ಜೊತೆಗೆ ನಡೆಯಲಿಲ್ಲ. ಹೊರಗೆ ಆಟೋ ಸಿಗುವವರೆಗೂ ಒಂದು ಹೆಜ್ಜೆ ಹಿಂದೆಯೇ ಬಂದಳು, ನನ್ನ ಕೈಯ ಮೇಲಿಂದ ಕಣ್ಣು ತೆಗೆಯದೆ. ನಾನು ಪೆಟ್ಟಿಗೆಯನ್ನು ಎಲ್ಲಿಯೂ ತಗುಲದ ಹಾಗೆ, ಆಕೆಗೆ ಪೂರ್ತಿ ಕಾಣುವ ಹಾಗೆ, ಮುಂದಕ್ಕೆ ಚಾಚಿ ಹಿಡಿದುಕೊಂಡು ನಡೆದೆ.